ಚುಕ್ಕಿ ಬಳೆಯ ರೊಕ್ಕ

ಹತ್ತು ವರ್ಷದವಳಿದ್ದಾಗ ಸವಣೂರಿನ ನಮ್ಮ ಓಣಿಯ ಹುಡುಗಿಯರಲ್ಲೆಲ್ಲ ನಾನೇ ಶ್ರೀಮಂತಳು. ನನ್ನ ಆಸ್ತಿಯೆಲ್ಲ ಹಾಲಿನ ಪುಡಿಯ ಒಂದು ಹಳೆಯ ಡಬ್ಬಿಯಲ್ಲಿತ್ತು. ದಿನಕ್ಕೆ ಎರಡು ಸಲ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದೆ. ಒಳಗೆ ಗಾಜು ಗಲಗಲ ಎನ್ನುತ್ತಿತ್ತು. ಆ ಸದ್ದು ನೆನಪಾದರೆ ಇವತ್ತಿಗೂ ನನಗೆ ಹೇಸಿಕೆಯಾಗುತ್ತದೆ. ಬೇರೆಯವರ ಮೇಲಿನ ಹೇಸಿಕೆಯೂ ಅದರಲ್ಲಿದೆ, ಆದರೆ ದೊಡ್ಡ ಪಾಲು ನನ್ನದೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಹಾನಗಲ್ಲಿನಿಂದ ಸವಣೂರಿಗೆ ವರ್ಗವಾಗಿ ಬಂದಿದ್ದೆವು. ನಮ್ಮ ಬಾಡಿಗೆ ಮನೆಯ ಹಿಂದೆ ನವಾಬರ ಕಾಲದ ಯಾವುದೋ ವಾಡೆಯ ಗೋಡೆಗಳು ಅರ್ಧ ಬಿದ್ದು ನಿಂತಿದ್ದವು. ಮಣ್ಣು ಕರಗಿ, ಕಲ್ಲು ಉಳಿದು, ಅಲ್ಲೊಂದು ಇಲ್ಲೊಂದು ಕೋಣೆಯಂಥ ಜಾಗ ಆಗಿತ್ತು. ಓಣಿಯ ಆರೇಳು ಹುಡುಗಿಯರು ಸಾಲಿ ಬಿಟ್ಟ ಮೇಲೆ ಅಲ್ಲಿ ಸೇರುತ್ತಿದ್ದೆವು. ನಮ್ಮ ಆಟಕ್ಕೆ ಪ್ಯಾಟಿ ಆಟ ಎಂದು ಹೆಸರು. ಅದು ಒಂದು ದಿನಕ್ಕೆ ಮುಗಿಯುವ ಆಟವಲ್ಲ. ದಸರೆಗೆ ಶುರುವಾದದ್ದು ಬೇಸಿಗೆಯವರೆಗೂ ನಡೆಯಿತು. ಒಬ್ಬಳು ಕಿರಾಣಿ ಅಂಗಡಿಯವಳು, ಒಬ್ಬಳು ಡಾಕ್ಟರಬಾಯಿ, ಒಬ್ಬಳು ಹಿಟ್ಟಿನ ಗಿರಣಿಯವಳು. ಇನ್ನೊಬ್ಬಳು ಬಸ್ಸಿನ ಕಂಡಕ್ಟರು. ಎಲ್ಲರ ಮೇಲೆ ಒಬ್ಬಳು ಗೌಡ್ತಿ. ಇವತ್ತು ಅಂಗಡಿಯಲ್ಲಿ ಎಷ್ಟು ಉಳಿದಿತ್ತೋ ನಾಳೆ ಅಲ್ಲಿಂದಲೇ ಮುಂದುವರಿಯಬೇಕು. ಯಾರ ಮನೆ ಯಾವುದು, ಯಾರಿಗೆ ಎಷ್ಟು ಹೊಲ ಎಂಬುದೆಲ್ಲ ಎಲ್ಲರಿಗೂ ನೆನಪಿರುತ್ತಿತ್ತು.

ಆ ಪ್ಯಾಟಿಯ ರೊಕ್ಕ ಅಂದರೆ ಬಳೆಚೂರು. ಕರಿಯ ಚೂರು ಒಂದು ರೂಪಾಯಿ, ಕೆಂಪು ಎರಡು, ಹಸಿರು ಐದು. ಹಸಿರಿನ ಮೇಲೆ ಬಂಗಾರದ ಚುಕ್ಕಿ ಇದ್ದರೆ ಹತ್ತು. ಈ ದರ ಗೊತ್ತುಮಾಡಿದವಳು ನಮ್ಮೆಲ್ಲರಿಗಿಂತ ಮೂರು ವರ್ಷ ದೊಡ್ಡವಳಾದ ಒಬ್ಬ ಹುಡುಗಿ. ಅವಳ ಮನೆಯವರದು ಊರ ಹೊರಗೆ ಎಲೆಬಳ್ಳಿ ತೋಟ. ನಾವೆಲ್ಲ ಅವಳನ್ನು ದೊಡ್ಡಾಕಿ ಎಂದೇ ಕರೆಯುತ್ತಿದ್ದೆವು. ಚೂರು ಉಗುರಿಗಿಂತ ಸಣ್ಣದಿದ್ದರೆ ನಡೆಯದು, ಹೊಲಸು ಮೆತ್ತಿದ್ದರೆ ಅರ್ಧ ಬೆಲೆ, ತಾನಾಗಿ ಒಡೆದದ್ದೇ ಆಗಬೇಕು, ಬೇಕಂತಲೇ ಒಡೆದು ತಂದದ್ದು ನಡೆಯದು: ಇವು ಅವಳ ಕಾನೂನು. ಅವಳು ಚೂರನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ತೊಗೊಳ್ಳುತ್ತಿದ್ದಳು.

ಚೂರು ಗಳಿಸಲು ದುಡಿಯಬೇಕಿತ್ತು. ಇಟ್ಟಿಗೆ ಕುಟ್ಟಿ ಖಾರದಪುಡಿ ಮಾಡಿದರೆ ಅಂಗಡಿಯವಳು ಒಂದು ಕರಿಯ ಚೂರು ಕೊಡುತ್ತಿದ್ದಳು. ದೊಡ್ಡಾಕಿಯ ಹತ್ತಿರ ಬೇರೆ ಕೆಲಸ ಇತ್ತು. ಅವಳು ನಮ್ಮನ್ನು ತನ್ನ ಮನೆಯ ಹಿಂದಿನ ಪಡಸಾಲೆಗೆ ಕರೆದೊಯ್ದು ಎಲೆ ಎಣಿಸಿ ಕಟ್ಟು ಕಟ್ಟಲು ಕೂರಿಸುತ್ತಿದ್ದಳು. ನಿಜವಾದ ಎಲೆ, ಮರುದಿನ ನಿಜವಾದ ಪ್ಯಾಟಿಗೆ ಹೋಗುವಂಥವು. ಕೊಳೆತ ಎಲೆಗಳನ್ನು ಆರಿಸಿ ತೆಗೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಕೊಳೆತ ವೀಳ್ಯದೆಲೆ ಬೆರಳಿಗೆ ಲೋಳೆಯಾಗಿ ಅಂಟುತ್ತದೆ, ಅದರ ನಾತ ಮೂರು ಸಲ ಕೈ ತೊಳೆದರೂ ಹೋಗುವುದಿಲ್ಲ. ರಾತ್ರಿ ಉಣ್ಣುವಾಗ ರೊಟ್ಟಿಯ ತುತ್ತಿನ ಜೊತೆ ಅದೇ ವಾಸನೆ ಮೂಗಿಗೆ ಬರುತ್ತಿತ್ತು. ಒಂದು ಮಧ್ಯಾಹ್ನದ ದುಡಿಮೆಗೆ ಎರಡು ಕೆಂಪು ಚೂರು. ಅವಳ ಅಜ್ಜಿ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತ ನಮ್ಮನ್ನು ಹೊಗಳುತ್ತಿದ್ದಳು, ಎಷ್ಟು ಚಲೋ ಹುಡುಗ್ಯಾರು ಎಂದು. ಒಂದು ದಿನ ಅವಳೇ ಮೊಮ್ಮಗಳ ಕೈಗೆ ಒಂದು ಹಿಡಿ ಚೂರು ಹಾಕಿದ್ದನ್ನು ಕಂಡೆ. ಆಳಿಗೆ ಕೊಡುವ ಕೂಲಿ ಉಳಿಯುತ್ತದೆ ಎಂದು ಮುದುಕಿ ಗಾಜು ಕೂಡಿಸಿಡುತ್ತಿದ್ದಳು. ಆಗ ನನಗೆ ಸಿಟ್ಟು ಬರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ, ಆ ಹಿಡಿಯಲ್ಲಿ ಹಸಿರು ಎಷ್ಟು ಎಂದು.

ಬೀದಿಯಲ್ಲೂ ಹುಡುಕುತ್ತಿದ್ದೆ. ಸಂತೆಯ ಮರುದಿನ ಗಟಾರದ ದಂಡೆಗುಂಟ ಬಗ್ಗಿ ನಡೆಯುತ್ತಿದ್ದೆ. ಎಲೆಯಡಿಕೆ ಉಗುಳಿದ ಕೆಂಪು, ಹಂದಿ ಕೆದರಿದ ಕೆಸರು, ಅದರ ನಡುವೆ ಮಿಂಚಿದ್ದೆಲ್ಲ ನನಗೆ ಗಾಜು. ಬೆರಳು ಹಾಕಿ ತೆಗೆದು, ಲಂಗಕ್ಕೆ ಒರೆಸಿ, ಹೊಲಸು ಹೋಗದಿದ್ದರೆ ಉಗುಳು ಹಚ್ಚಿ ತಿಕ್ಕುತ್ತಿದ್ದೆ. ಹೊಲಸಿದ್ದರೆ ಅರ್ಧ ಬೆಲೆಯಲ್ಲವೆ.

ಮಸೀದಿಯ ಹತ್ತಿರ ಒಬ್ಬ ಮುದುಕರ ಬಳೆ ಅಂಗಡಿ ಇತ್ತು. ಅವರ ಮೊಮ್ಮಗಳು ನನ್ನ ವಾರಿಗೆಯವಳು. ಅಂಗಡಿಯ ಕಸ ಗುಡಿಸುವವಳು ಅವಳೇ. ಕಸದಲ್ಲಿ ದಿನವೂ ಚೂರು ಇರುತ್ತಿದ್ದವು. ಅದಕ್ಕೇ ಅವಳನ್ನು ನಾವು ಆಟಕ್ಕೆ ಸೇರಿಸಿರಲಿಲ್ಲ. ಅವಳು ಬಂದರೆ ಒಂದೇ ದಿನದಲ್ಲಿ ಇಡೀ ಪ್ಯಾಟಿ ಕೊಳ್ಳುತ್ತಾಳೆ ಎಂದು ದೊಡ್ಡಾಕಿ ಹೇಳಿದ್ದಳು. ಆ ಹುಡುಗಿ ಬಿದ್ದ ಗೋಡೆಯ ಆಚೆ ನಿಂತು ನಮ್ಮನ್ನು ನೋಡುತ್ತಿದ್ದಳು. ಒಂದು ದಿನ ನಾನು ಒಬ್ಬಳೇ ಇದ್ದಾಗ ಬಂದು, ನೀ ದೊಡ್ಡಾಕಿಗೆ ಹೇಳಿ ನನ್ನ ಸೇರಿಸು ಎಂದು ಕೇಳಿದಳು. ಹೇಳುತ್ತೇನೆ, ಆದರೆ ಅವಳಿಗೆ ಏನಾದರೂ ಕೊಡಬೇಕಾಗುತ್ತದೆ ಎಂದೆ. ಅವಳು ಮರುದಿನ ಚಿಂದಿಯಲ್ಲಿ ಕಟ್ಟಿ ಹನ್ನೊಂದು ಚೂರು ತಂದುಕೊಟ್ಟಳು. ಅದರ ಮರುವಾರ ಇನ್ನಷ್ಟು. ನಾನು ದೊಡ್ಡಾಕಿಗೆ ಒಂದು ಮಾತೂ ಹೇಳಲಿಲ್ಲ. ಚೂರನ್ನೆಲ್ಲ ನನ್ನ ಡಬ್ಬಿಗೆ ಸುರಿದುಕೊಂಡೆ. ಅವಳು ಸಿಕ್ಕಾಗಲೆಲ್ಲ, ಕೇಳೇನಿ, ಇನ್ನೂ ವಿಚಾರ ಮಾಡಾಕತ್ತಾಳ ಎಂದು ಸುಳ್ಳು ಹೇಳುತ್ತಿದ್ದೆ. ಮೂರನೆಯ ಸಲ ಅವಳು ತರಲಿಲ್ಲ, ಕೇಳಲೂ ಇಲ್ಲ. ಗೋಡೆಯ ಹತ್ತಿರ ಬಂದು ನಿಲ್ಲುವುದನ್ನೂ ಬಿಟ್ಟಳು.

ಹೀಗೆ ಶಿವರಾತ್ರಿಯ ಹೊತ್ತಿಗೆ ನಾನು ತಕ್ಕಮಟ್ಟಿಗೆ ದುಡ್ಡಿನವಳಾಗಿದ್ದೆ. ಆದರೂ ಗೌಡ್ತಿ ಆಗಲು ಸಾಲುತ್ತಿರಲಿಲ್ಲ. ಗೌಡ್ತಿಯ ಪಟ್ಟವನ್ನು ದೊಡ್ಡಾಕಿ ಮಾರುತ್ತಿದ್ದಳು. ಬೇಸಿಗೆ ರಜೆ ಪೂರ್ತಿ ಗೌಡ್ತಿಯಾಗಲು ನೂರಾ ಇಪ್ಪತ್ತು ರೂಪಾಯಿ, ಅದೂ ಬರಿಯ ಚುಕ್ಕಿ ಹಸಿರಿನಲ್ಲಿ. ಅಂದರೆ ಹನ್ನೆರಡು ಚೂರು. ನನ್ನ ಡಬ್ಬಿಯಲ್ಲಿ ಅಂಥವು ಎರಡೇ ಇದ್ದವು.

ಆ ದಿನಗಳಲ್ಲೇ ಹಿರೇಕೆರೂರಿನಿಂದ ಸುದ್ದಿ ಬಂತು. ಅವ್ವನ ತಂಗಿಯನ್ನು, ನನ್ನ ಚಿಗವ್ವನನ್ನು, ಎರಡು ವರ್ಷದ ಹಿಂದೆ ಅಲ್ಲಿಗೆ ಕೊಟ್ಟಿದ್ದರು. ಅವಳ ಗಂಡ ಅರಳೆ ವ್ಯಾಪಾರದವನು. ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದವನು ತೀರಿಹೋದ. ಚಿಗವ್ವನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಮದುವೆಗೆ ಮುಂಚೆ ಅವಳು ತಿಳವಳ್ಳಿಯ ಅಜ್ಜನ ಮನೆಯಿಂದ ಬಂದು ನಮ್ಮಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದವಳು ಅವಳೇ. ಅವಳನ್ನು ಕಂಡರೆ ನನಗೆ ಪ್ರೀತಿ ಇತ್ತು. ಇದನ್ನು ಹೇಳದಿದ್ದರೆ ಮುಂದಿನದು ಪೂರ್ತಿ ತಿಳಿಯುವುದಿಲ್ಲ.

ಹಾವೇರಿಗೆ ಹೋಗಿ, ಅಲ್ಲಿಂದ ಸರಕಾರಿ ಬಸ್ಸು ಹಿಡಿದು ನಾವು ಹಿರೇಕೆರೂರು ಮುಟ್ಟುವ ಹೊತ್ತಿಗೆ ಮಣ್ಣು ಮಾಡುವುದು ಮುಗಿದಿತ್ತು. ಮನೆ ತುಂಬ ಹೆಂಗಸರು. ಚಿಗವ್ವ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಯಾರಾದರೂ ಹೊಸಬರು ಬಂದಾಗ ಒಂದು ಸಲ ಅತ್ತು ಮತ್ತೆ ಸುಮ್ಮನಾಗುತ್ತಿದ್ದಳು. ಅವಳ ಎರಡೂ ಕೈ ತುಂಬ ಹಸಿರು ಬಳೆ. ಅವುಗಳ ಮೇಲೆ ಚುಕ್ಕಿ ಇದ್ದವು. ಸವಣೂರಿನಲ್ಲಿ ನಾನು ಕಂಡ ಚುಕ್ಕಿಯ ಹಾಗಲ್ಲ, ಜೋಳದ ಕಾಳಿನಷ್ಟು ದೊಡ್ಡವು, ಎರಡೆರಡು ಸಾಲು. ಅವಳ ಮಡಿಲಲ್ಲಿ ತಲೆ ಇಟ್ಟು ನಾನೂ ಅತ್ತೆ. ಅಳುತ್ತಲೇ ಅವುಗಳನ್ನು ಎಣಿಸಿದೆ.

ಮೂರನೆಯ ದಿನ ಬೆಳಿಗ್ಗೆ ಅವಳನ್ನು ಹಿತ್ತಲಿಗೆ ಕರೆದೊಯ್ದರು. ಬಚ್ಚಲ ಕಲ್ಲಿನ ಹತ್ತಿರ ಮಣೆ ಹಾಕಿ ಕೂರಿಸಿದರು. ಮಕ್ಕಳು ಬರಬಾರದು ಎಂದು ಒಬ್ಬರು ಗದರಿದರೂ ನಾನು ಕಟ್ಟಿಗೆಯ ಒಟ್ಟಿಲಿನ ಹಿಂದೆ ನುಸುಳಿಕೊಂಡೆ. ಅವಳ ಗಂಡನ ಕಡೆಯ ಇಬ್ಬರು ಮುದುಕಿಯರು, ತಾವೂ ಗಂಡ ಸತ್ತವರೇ, ಮುಂದೆ ಕೂತರು. ಹಣೆ ಒರೆಸುವವರೆಗೆ ಚಿಗವ್ವ ಸುಮ್ಮನಿದ್ದಳು. ಕೈ ಹಿಡಿದಾಗ ಎಳೆದುಕೊಂಡಳು. ಬ್ಯಾಡ ಎಂದಳು. ಮತ್ತೆ ಹಿಡಿದರು, ಮತ್ತೆ ಎಳೆದುಕೊಂಡಳು. ಆಗ ಒಬ್ಬ ಮುದುಕಿ ನನ್ನ ಅವ್ವನ ಕಡೆ ನೋಡಿ, ನಿನ್ನ ತಂಗೀನ ಹಿಡಕೋ ಎಂದಳು. ಅವ್ವ ಹಿಂದಿನಿಂದ ಬಂದು ಕೂತು, ಅವಳ ಎರಡೂ ಮೊಣಕೈಗಳನ್ನು ಬಿಗಿಯಾಗಿ ಹಿಡಿದಳು. ಅವ್ವನೂ ಅಳುತ್ತಿದ್ದಳು. ಆದರೆ ಹಿಡಿತ ಸಡಿಲಾಗಲಿಲ್ಲ. ಮುದುಕಿ ಆ ಕೈಯನ್ನು ಕಲ್ಲಿನ ಮೇಲೆ ಊರಿ ಇನ್ನೊಂದು ಕಲ್ಲಿನಿಂದ ಹೊಡೆದಳು.

ನನ್ನ ಚಿಗವ್ವ ಹೇಗೆ ಕೂಗಿದಳು, ಮುಖ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಚೂರು ಎಲ್ಲೆಲ್ಲಿ ಸಿಡಿದು ಬೀಳುತ್ತವೆ ಎಂಬುದನ್ನು ನೋಡುತ್ತಿದ್ದೆ. ನಾಲ್ಕು ಬಚ್ಚಲ ಮೋರಿಯ ಬಾಯಿಗೆ, ಆರು ತುಳಸಿಕಟ್ಟೆಯ ಬುಡಕ್ಕೆ, ಒಂದು ಉದ್ದನೆಯದು ಬೂದಿಯ ಗುಡ್ಡೆಗೆ. ಅದು ಈಗಲೂ ಲೆಕ್ಕ ತಪ್ಪದೆ ನೆನಪಿದೆ.

ಅವರು ಅವಳಿಗೆ ನೀರು ಹಾಕತೊಡಗಿದಾಗ ಹೆಂಗಸರೆಲ್ಲ ಸುತ್ತ ನಿಂತು ಸೀರೆ ಹಿಡಿದರು. ಆ ಮರೆಯಲ್ಲಿ ನಾನು ಹೊರಬಂದೆ. ಬಗ್ಗಿ ಬಗ್ಗಿ ಆರಿಸಿದೆ. ಮೋರಿಯ ಬಾಯಿಗೆ ಬಿದ್ದದ್ದನ್ನೂ ಬಿಡಲಿಲ್ಲ. ನೀರಿನಲ್ಲಿ ಅವು ಕೊಚ್ಚಿಹೋದಾವು ಎಂದು ನನಗೆ ಅವಸರ. ಇಪ್ಪತ್ತೆರಡು ಚೂರು ಸಿಕ್ಕವು. ಲಂಗದ ಅಂಚಿನಲ್ಲಿ ಗಂಟು ಕಟ್ಟಿ ಬೀದಿಗೆ ಹೋಗಿ, ಒಂದು ಚಕ್ಕಡಿಯ ಹಿಂದೆ ಕೂತು ಬಿಚ್ಚಿ ನೋಡಿದೆ. ಎರಡು ಚೂರಿಗೆ ರಕ್ತ ಅಂಟಿತ್ತು. ಕಲ್ಲು ಬಿದ್ದಾಗ ಅವಳ ಮಣಿಕಟ್ಟು ಕೊಯ್ದಿತ್ತು. ನಾನು ಉಗುಳು ಹಚ್ಚಿ ತಿಕ್ಕಿ ತೆಗೆದೆ.

ಸಾಲಿ ತಪ್ಪುತ್ತದೆ ಎಂದು ಅಪ್ಪ ಮರುದಿನವೇ ನನ್ನನ್ನು ಸವಣೂರಿಗೆ ಕರೆತಂದ. ಅವ್ವ ಅಲ್ಲೇ ಉಳಿದಳು. ಡಬ್ಬಿ ಈಗ ತುಂಬಿತ್ತು. ಆದರೆ ನಾನು ಅವಸರ ಮಾಡಲಿಲ್ಲ. ಎಲ್ಲ ಒಮ್ಮೆಗೇ ಹೊರಗೆ ತೆಗೆದರೆ ಚುಕ್ಕಿ ಹಸಿರಿನ ಬೆಲೆ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ದೀಪಾವಳಿಯ ನಂತರ ಒಬ್ಬಳು ಅಕ್ಕನ ಮದುವೆಯ ಮನೆಯಿಂದ ಮುಷ್ಟಿಗಟ್ಟಲೆ ಕೆಂಪು ಚೂರು ತಂದಾಗ ಕೆಂಪು ಒಂದು ರೂಪಾಯಿಗೆ ಬಿದ್ದದ್ದನ್ನು ನೋಡಿದ್ದೆ. ಅದಕ್ಕೆ ವಾರಕ್ಕೊಂದು, ಒಮ್ಮೊಮ್ಮೆ ಎರಡು, ಅಷ್ಟೇ ತೆಗೆಯುತ್ತಿದ್ದೆ. ಒಂದರಿಂದ ಹಿಟ್ಟಿನ ಗಿರಣಿ ಕೊಂಡೆ. ಎರಡರಿಂದ ಗೋಡೆಯ ನೆರಳಿನ ದೊಡ್ಡ ಮನೆ ಕೊಂಡೆ. ಇಟ್ಟಿಗೆ ಕುಟ್ಟಲು ಚಿಕ್ಕ ಹುಡುಗಿಯರನ್ನು ಕೂಲಿಗೆ ಇಟ್ಟುಕೊಂಡೆ. ಕೊಳೆತ ಎಲೆ ಆರಿಸಲು ದೊಡ್ಡಾಕಿ ಈಗ ನನ್ನನ್ನು ಕರೆಯುತ್ತಿರಲಿಲ್ಲ. ಬರ್ರಿ, ಕುಂದರ್ರಿ ಎಂದು ಆಟದಲ್ಲಿ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದಳು. ಆ 'ರಿ' ಕೇಳಿದಾಗ ಹೊಟ್ಟೆಯೊಳಗೆ ಎಂಥ ಸುಖ ಆಗುತ್ತಿತ್ತೆಂದರೆ, ಬರೆಯಲು ನಾಚಿಕೆ.

ಒಂದೂವರೆ ತಿಂಗಳ ಮೇಲೆ ಅವ್ವ ಚಿಗವ್ವನನ್ನು ಕರೆದುಕೊಂಡು ಬಂದಳು. ಗಂಡನ ಮನೆಯವರು ಅವಳನ್ನು ಇಟ್ಟುಕೊಳ್ಳಲು ಒಲ್ಲೆವು ಎಂದಿದ್ದರು. ತಿಳವಳ್ಳಿಯಲ್ಲಿ ಸೋದರಮಾವನ ಹೆಂಡತಿ ಹೆರಿಗೆಗೆ ಕೂತಿದ್ದಳು, ಆ ಮನೆಗೆ ಈಗ ಬೇಡ ಎಂದರಂತೆ. ಹಾಗಾಗಿ ನಮ್ಮಲ್ಲಿ. ಚಿಗವ್ವ ನಡುಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿರುತ್ತಿದ್ದಳು. ಬೆಳಿಗ್ಗೆ ಅಪ್ಪ ಹೊರಗೆ ಹೋಗುವವರೆಗೆ ಎದುರಿಗೆ ಬರುತ್ತಿರಲಿಲ್ಲ. ಅಪ್ಪ ಹಾಗೆ ಹೇಳಿರಲಿಲ್ಲ, ಅವ್ವ ಹೇಳಿದ್ದಳು. ಚಿಗವ್ವ ಬರಿಗೈಯಲ್ಲಿ ನನ್ನ ತಲೆ ಬಾಚುತ್ತಿದ್ದಳು. ಮೊದಲು ಅವಳು ಬಾಚುವಾಗ ಕಿವಿಯ ಹತ್ತಿರ ಬಳೆ ಸದ್ದಾಗುತ್ತಿತ್ತು. ಈಗ ಆಗುತ್ತಿರಲಿಲ್ಲ. ಅದು ನನ್ನ ಗಮನಕ್ಕೆ ಬಂದಿತ್ತು. ಆದರೂ ಕೂದಲು ಕಟ್ಟಿಸಿಕೊಂಡು ನೇರ ವಾಡೆಯ ಕಡೆಗೆ ಓಡುತ್ತಿದ್ದೆ.

ಬೇಸಿಗೆ ರಜೆ ಶುರುವಾದ ದಿನ ಗೌಡ್ತಿಯ ಪಟ್ಟಕ್ಕೆ ನಾನು ಹನ್ನೆರಡು ಚುಕ್ಕಿ ಹಸಿರು ಒಂದೇ ಸಲಕ್ಕೆ ಹಾಸುಗಲ್ಲಿನ ಮೇಲೆ ಸುರಿದೆ. ಹುಡುಗಿಯರು ಸುತ್ತ ಮುತ್ತಿಕೊಂಡರು. ದೊಡ್ಡಾಕಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದಳು. ಹೊಸ ಬಳೆ ಒಡೆದು ತಂದಿದ್ದೀ ಎಂದಳು. ಇಲ್ಲ ಎಂದೆ. ಹಿರೇಕೆರೂರು ಸಂತೆಯಲ್ಲಿ ಬಿದ್ದಿದ್ದವು ಎಂದೆ. ಅವಳು ನಂಬಲಿಲ್ಲ. ನಮ್ಮಲ್ಲಿ ಯಾರಿಗೂ ಬಳೆಯ ವಿಷಯ ಅಷ್ಟು ತಿಳಿಯದು. ತಿಳಿದವಳು ಒಬ್ಬಳೇ. ಯಾರೋ ಓಡಿಹೋಗಿ ಬಳೆಗಾರರ ಮೊಮ್ಮಗಳನ್ನು ಕರೆತಂದರು.

ಅವಳು ಮೊದಲ ಸಲ ಗೋಡೆಯ ಈಚೆ ಬಂದಳು. ನನ್ನ ಕಡೆ ನೋಡಲಿಲ್ಲ. ಈಗ ಇವಳು ನನ್ನ ಸುಳ್ಳನ್ನೆಲ್ಲ ಹೇಳುತ್ತಾಳೆ, ತನ್ನ ಚೂರು ನಾನು ನುಂಗಿದ್ದನ್ನು ಹೇಳುತ್ತಾಳೆ ಎಂದು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿಕೊಂಡೆ. ಅವಳು ಅದನ್ನು ಹೇಳಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಒಂದರ ಪಕ್ಕ ಒಂದಿಟ್ಟಳು. ಎರಡನ್ನು ತುದಿಗೆ ತುದಿ ಹೊಂದಿಸಿದಳು, ಅವು ಕೂಡಿದವು. ಮೂರನೆಯದೂ ಕೂಡಿತು.

"ಇವು ನಮ್ಮ ಅಂಗಡ್ಯಾವಲ್ಲ," ಎಂದಳು. "ಮದಿವಿ ಬಳಿ ಇವು. ಬಿದ್ದು ಒಡದಾವಲ್ಲ, ಕಲ್ಲಿಲೇ ಹೊಡದಾರ. ಎಲ್ಲಾ ಒಬ್ಬಾಕಿ ಕೈಯಾವ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ತಿಳಿದುಹೋಯಿತು. ಕೈಯಲ್ಲಿದ್ದದ್ದನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತಳು. ನಮ್ಮ ಮನೆಗೆ ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ ಎಂಬುದು ಓಣಿಗೆಲ್ಲ ಗೊತ್ತಿತ್ತು. ದೊಡ್ಡಾಕಿ ನನ್ನ ಮುಖ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು, ಅದರಿಂದ ಏನೋ ಸೋರುತ್ತಿದೆ ಎಂಬಂತೆ.

"ಮುಂಡಿ ಬಳಿ ಮುಟ್ಟಿಸಿದಿ ನಮಗ," ಎಂದಳು.

ಒಬ್ಬಳು ಅಳಲು ಶುರುಮಾಡಿದಳು. ಇನ್ನೊಬ್ಬಳು ಕೈಯನ್ನು ಮಣ್ಣಿಗೆ ಉಜ್ಜಿದಳು. ಇಷ್ಟು ದಿನ ನನ್ನಿಂದ ಚುಕ್ಕಿ ಚೂರು ತೊಗೊಂಡವರೆಲ್ಲ ಮನೆಗೆ ಓಡಿ, ತಮ್ಮ ತಮ್ಮ ಡಬ್ಬಿ, ಚೀಲ ತಂದು, ಅದರಲ್ಲಿದ್ದ ನನ್ನವನ್ನು ಹುಡುಕಿ ಗೋಡೆಯ ಆಚೆ ಎಸೆದರು. ಕೈಯಿಂದ ಮುಟ್ಟದೆ ಕಡ್ಡಿಯಿಂದ ದೂಡಿ ದೂಡಿ ಎಸೆದರು. ಅವರ ಹೇಸಿಕೆ ನಾನು ಮಾಡಿದ್ದರ ಮೇಲಲ್ಲ, ಚಿಗವ್ವನ ಮೇಲೆ. ಆ ಚೂರು ಮುಟ್ಟಿದರೆ ತಮಗೂ ಹಾಗೇ ಆಗುತ್ತದೆ ಎಂಬ ಹೆದರಿಕೆ ಅದು. ಹದಿಮೂರು ವರ್ಷದ ಹುಡುಗಿಗೆ ಅದನ್ನು ಕಲಿಸಿದವರು ಯಾರು ಎಂದು ಹುಡುಕಿದರೆ ಇಡೀ ಊರೇ ಬಂದು ನಿಲ್ಲುತ್ತದೆ.

ಸಂಜೆಯೊಳಗೆ ದೊಡ್ಡಾಕಿಯ ಅಜ್ಜಿ ನಮ್ಮ ಕಟ್ಟೆಯ ಮುಂದೆ ಬಂದು ನಿಂತಳು. ಒಳಗೆ ಬರಲು ಒಲ್ಲೆ ಎಂದಳು. ಗಂಡನನ್ನು ತಿಂದವಳ ಬಳೆಯನ್ನು ಓಣಿಯ ಎಳೆಯ ಹುಡುಗಿಯರ ಕೈಗೆ ಹಂಚಿದ್ದಾಳೆ ನಿಮ್ಮ ಮಗಳು, ನಾಳೆ ಯಾರಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಚಿಗವ್ವ ಇದ್ದ ಕೋಣೆ ಅಲ್ಲಿಂದ ಆರು ಹೆಜ್ಜೆ. ಮುದುಕಿ ಹೋದ ಮೇಲೆ ಅವ್ವ ನನ್ನ ಕೂದಲು ಹಿಡಿದು ಹಿತ್ತಲಿಗೆ ಎಳೆದೊಯ್ದು ಹೊಡೆದಳು. ಹೊಡೆದದ್ದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆಮೇಲೆ ಅವಳು ನನ್ನ ಬಟ್ಟೆಯನ್ನೆಲ್ಲ ಬಿಚ್ಚಿಸಿ ಬೂದಿಗುಂಡಿಗೆ ಒಗೆದಳು, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದಳು, ಗೋಮೂತ್ರ ಚಿಮುಕಿಸಿದಳು, ದೇವರ ಹೆಸರು ಹೇಳುತ್ತ ಮತ್ತೆ ನೀರು ಸುರಿದಳು. ಅಡುಗೆಮನೆಯ ಬಾಗಿಲಿನಲ್ಲಿ ಚಿಗವ್ವ ನಿಂತಿದ್ದಳು. ತನ್ನ ಬಳೆ ಮುಟ್ಟಿದ್ದಕ್ಕೆ ತನ್ನ ಸ್ವಂತ ಅಕ್ಕ ಮಗಳನ್ನು ಹೀಗೆ ತೊಳೆಯುವುದನ್ನು ಅವಳು ಕೊನೆಯ ಕೊಡದವರೆಗೆ ನೋಡಿದಳು. ನನ್ನ ಅವ್ವ ಒಳ್ಳೆಯ ಹೆಂಗಸು. ಆದರೆ ಆ ಸಂಜೆಯ ಅವ್ವನನ್ನು ನಾನು ಇನ್ನೂ ಸಹಿಸಲಾರೆ.

ಮರುದಿನ ಅವ್ವ ಗುಡಿಗೆ ಹೋಗಿದ್ದಾಗ ಚಿಗವ್ವ ನನ್ನನ್ನು ಕೋಣೆಗೆ ಕರೆದಳು. ಇನ್ನೂ ಏನಾದರೂ ಉಳಿದಿವೆಯೇ ಎಂದು ಕೇಳಿದಳು. ಡಬ್ಬಿಯನ್ನೂ ಅವ್ವ ಬೂದಿಗುಂಡಿಗೆ ಒಗೆದಿದ್ದಳು. ಆದರೆ ಮೂರು ಚೂರನ್ನು ನಾನು ಸಾಲಿಯ ಪಾಟೀಚೀಲದ ಹೊಲಿಗೆಯೊಳಗೆ ಬೇರೆ ಇಟ್ಟಿದ್ದೆ. ಅಷ್ಟೆಲ್ಲ ಆದ ಮೇಲೂ ಇಟ್ಟುಕೊಂಡಿದ್ದೆ. ತೆಗೆದು ಕೊಟ್ಟೆ. ಅವಳು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಎಷ್ಟಕ್ಕ ನಡೀತಿತ್ತು ಇದು?"

"ಒಂದಕ್ಕ ಹತ್ತು ರೂಪಾಯಿ."

"ಏನೇನು ಬರ್ತಿತ್ತು ಅದಕ್ಕ?"

ಗಿರಣಿ, ನೆರಳಿನ ಮನೆ, ಇಟ್ಟಿಗೆ ಕುಟ್ಟುವ ಆಳು, ಗೌಡ್ತಿಯ ಪಟ್ಟ, ಎಲ್ಲ ಹೇಳಿದೆ. ಅವಳು ಮಧ್ಯೆ ಮಧ್ಯೆ ಕೇಳಿದಳು. ಮನೆ ಎಷ್ಟು ದೊಡ್ಡದು, ಕಿಟಕಿ ಇತ್ತೋ ಇಲ್ಲವೋ, ಗೌಡ್ತಿಯಾದರೆ ಏನು ಮಾಡಬೇಕು. ನಿಜವಾಗಿಯೂ ತಿಳಿಯಬೇಕು ಎಂಬ ಹಾಗೆ ಕೇಳಿದಳು. ನನಗೆ ಧೈರ್ಯ ಬಂತು. ಸಿಟ್ಟಿಲ್ಲ ಅವಳಿಗೆ ಎಂದುಕೊಂಡೆ. ಆಗ ಅವಳು ಹೇಳಿದಳು:

"ನೀ ಆರಿಸೋದು ನಾ ನೋಡೇನಿ. ನೀರು ಹಾಕಾಕತ್ತಿದ್ರಲ್ಲ, ಸೀರಿ ಸಂದ್ಯಾಗಿಂದ ಕಂಡಿ ನೀ. ಎಲ್ಲಾರೂ ಅಳಾಕತ್ತಿದ್ರು. ನೀ ಒಬ್ಬಾಕಿ ಆರಿಸಾಕತ್ತಿದ್ದಿ."

ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಾನು ಹಿತ್ತಲಿಗೆ ಓಡಿ ಬಗ್ಗಿ ನಿಂತೆ. ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ ಬಂತು. ಅವಳೇ ಬಂದು ನನ್ನ ಹಣೆ ಹಿಡಿದುಕೊಂಡಳು, ಬಾಯಿ ತೊಳೆಸಿದಳು. ಆ ಮೂರು ಚೂರನ್ನು ಅವಳು ಏನು ಮಾಡಿದಳೋ ನಾನು ಕೇಳಲಿಲ್ಲ.

ಪ್ಯಾಟಿ ಆಟ ಅಲ್ಲಿಗೆ ನಿಂತಿತು. ಯಾರೂ ಬಳೆಚೂರು ಮುಟ್ಟಲು ಒಲ್ಲರು. ಬಳೆಗಾರರ ಮೊಮ್ಮಗಳನ್ನು ಒಂದು ದಿನ ನೀರಿನ ನಲ್ಲಿಯ ಹತ್ತಿರ ಕಂಡೆ. ನಿನ್ನ ಚೂರು ನಾನೇ ಇಟ್ಟುಕೊಂಡಿದ್ದೆ ಎಂದೆ. ಗೊತ್ತದ ಎಂದಳು. ಕೊಡ ತುಂಬಿಕೊಂಡು ಹೋದಳು. ಮರುವರ್ಷ ಅಪ್ಪನಿಗೆ ಮತ್ತೆ ಹಾನಗಲ್ಲಿಗೆ ವರ್ಗವಾಯಿತು.

ಚಿಗವ್ವ ನಮ್ಮ ಜೊತೆ ಹಾನಗಲ್ಲಿಗೂ ಬಂದಳು. ಅವಳು ಏಳನೆಯ ತರಗತಿಗೆ ಸಾಲಿ ಬಿಟ್ಟವಳು. ಅಪ್ಪ ರಾತ್ರಿ ಊಟವಾದ ಮೇಲೆ ಅವಳಿಗೆ ಪಾಠ ಹೇಳತೊಡಗಿದ. ಅವ್ವನಿಗೆ ಅದು ಸರಿಬರಲಿಲ್ಲ, ಓದಿ ಏನು ಮಾಡುವುದಿದೆ ಎಂದು ಗೊಣಗುತ್ತಿದ್ದಳು. ಚಿಗವ್ವ ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದಳು. ನರ್ಸ್ ತರಬೇತಿಗೆ ಅರ್ಜಿ ಹಾಕಿದಳು. ಹೆಣ, ಹೊಲಸು, ರಕ್ತ ಮುಟ್ಟುವ ಕೆಲಸ ಅದು, ನಮ್ಮ ಮನೆತನದವರು ಮಾಡುವುದಲ್ಲ ಎಂದು ತಿಳವಳ್ಳಿಯಿಂದ ಸೋದರಮಾವ ಬಂದು ಕೂಗಾಡಿದ. ಅವಳು ಟ್ರಂಕು ತುಂಬಿಟ್ಟುಕೊಂಡಿದ್ದಳು. ಅವನು ಕೂಗಿ ಮುಗಿಸುವವರೆಗೆ ಕಾದು, ಬಸ್ಸಿನ ಹೊತ್ತಾಯಿತು ಎಂದು ಎದ್ದಳು.

ಎಂಬತ್ತರ ದಶಕದ ನಡುವೆ ಅವಳು ಶಿಗ್ಗಾವಿಯಲ್ಲಿ ನರ್ಸಬಾಯಿ ಆಗಿದ್ದಳು. ಸುತ್ತಲ ಹಳ್ಳಿಗಳಿಗೆ ಹೆರಿಗೆಗೆ ಹೋಗುತ್ತಿದ್ದಳು. ತಮ್ಮ ಮನೆಯ ಮುತ್ತೈದೆಯರ ಕಾರ್ಯಕ್ಕೆ ಅವಳನ್ನು ಕರೆಯದ ಜನವೇ ಹೊಟ್ಟೆನೋವು ಬಂದಾಗ ಅವಳ ಬಾಗಿಲು ಬಡಿಯುತ್ತಿದ್ದರು. ಮಗು ಹೊರಗೆ ಬಂದ ಮೇಲೆ ಆ ಬಾಗಿಲಿನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದನ್ನು ಅವಳೇ ಹೇಳಿದ್ದು, ನಗುತ್ತ. ನನಗೆ ನಗು ಬರಲಿಲ್ಲ.

ಆಗ ನನಗೆ ಹದಿನೆಂಟು. ಒಂದು ಪರೀಕ್ಷೆಗೆಂದು ಶಿಗ್ಗಾವಿಗೆ ಹೋದವಳು ಎರಡು ದಿನ ಅವಳ ಬಾಡಿಗೆ ಕೋಣೆಯಲ್ಲಿ ಇದ್ದೆ. ಒಂದೇ ಕೋಣೆ, ಬೀದಿಯ ಕಡೆ ದೊಡ್ಡ ಕಿಟಕಿ. ಒಲೆಯ ಹತ್ತಿರ ಕೂತು ಅವಳು ರೊಟ್ಟಿ ಬಡಿದಳು, ನಾನು ಬದನೆಕಾಯಿ ಹೆಚ್ಚಿದೆ. ಹಿರೇಕೆರೂರಿನ ಹಿತ್ತಲಿನ ಮಾತು ಎತ್ತಬೇಕು, ತಪ್ಪಾಯಿತು ಎಂದು ಒಂದು ಸಲವಾದರೂ ಬಾಯಿಬಿಟ್ಟು ಹೇಳಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ಗಟ್ಟಿಮಾಡಿಕೊಂಡಿದ್ದೆ. ಮೊದಲ ದಿನ ಆಗಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಚಿಗವ್ವಾ ಎಂದು ಕರೆದೆ, ಆ ದಿನ ಹಿತ್ತಲದಾಗ ಎಂದು ಶುರುಮಾಡಿದೆ. ಅವಳು ತಲೆ ಎತ್ತಲಿಲ್ಲ.

"ನಿಮ್ಮವ್ವ ನನ್ನ ಮೊಣಕೈ ಹಿಡದಿದ್ಲು," ಎಂದಳು. "ಹದಿನೈದು ದಿನಾ ಇತ್ತು ಆಕಿ ಬೆರಳಿನ ಕಲಿ. ಒಬ್ಬರಿಗೂ ತೋರಿಸಿಲ್ಲ ನಾ. ಆಕೀಗೂ ತೋರಿಸಿಲ್ಲ."

ನಾನು ಮುಂದೆ ಹೇಳುವಷ್ಟರಲ್ಲಿ ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಯಾವುದೋ ಹಳ್ಳಿಯಿಂದ ಒಬ್ಬ ಗಂಡಸು ಬೆವರು ಸುರಿಸುತ್ತ ಬಂದಿದ್ದ, ಹೆಂಡತಿಗೆ ನೋವು ಶುರುವಾಗಿತ್ತು. ಚಿಗವ್ವ ಕಪ್ಪು ಕೆಳಗಿಟ್ಟು, ಬ್ಯಾಗು ತೊಗೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಡಬ್ಬಿಯಲ್ಲಿ ರೊಟ್ಟಿ ಇವೆ, ಉಂಡು ಹೋಗು, ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಡು ಎಂದು ಹೇಳಿ ಅವನ ಹಿಂದೆ ಹೊರಟಳು. ಕಿಟಕಿಯಿಂದ ನೋಡಿದೆ. ಅವನು ಸೈಕಲ್ಲು ತಳ್ಳಿಕೊಂಡು ಓಡುತ್ತಿದ್ದ. ಅವಳು ಅವನಿಗಿಂತ ಮುಂದೆ ಇದ್ದಳು.

ನಾನು ಎರಡು ರೊಟ್ಟಿ ತಿಂದು, ಪಾತ್ರೆ ತೊಳೆದಿಟ್ಟು, ಕೀಲಿ ಕೊಟ್ಟು ಹಾನಗಲ್ಲಿನ ಬಸ್ಸು ಹತ್ತಿದೆ. ಮನೆಯಲ್ಲಿ ಅವ್ವ, ನಿಮ್ಮ ಚಿಗವ್ವ ಹೆಂಗದಾಳ ಎಂದು ಕೇಳಿದಳು. ಆರಾಮ ಅದಾಳ ಎಂದೆ. ಮೊಣಕೈಯ ಮಾತನ್ನು ಅವ್ವನಿಗೆ ಹೇಳಲಿಲ್ಲ. ಹೇಳಲು ನನಗೆ ಯಾವ ಬಾಯಿ ಇತ್ತು.